ಕಡಲತೀರದ ಊರೊಂದರ ಸುತ್ತ ಸುಲಭ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲತೀರದ ಊರಿಗೆ ಹೋದವರು ಅಲ್ಲೇ ಹೊರಟು, ಒಂದು ಸುತ್ತು ಹಾಕಿ, ಅಲ್ಲಿಗೇ ಬಂದು ಸೇರುವ ನಡಿಗೆ ಇದು. ಬೆಟ್ಟ ಹತ್ತುವ ಸಾಹಸ ಅಲ್ಲ. ಆದರೂ ಕೇಳುವ ಪ್ರಶ್ನೆಗಳಿಗೆ ಕೊನೆಯಿಲ್ಲ. ಮತ್ತೆ ಮತ್ತೆ ಬರುವುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲ ಸಲ ಹೊರಟವರಿಗೆ ಬೇಕಾದದ್ದು ಮೊದಲಿದೆ, ಸ್ವಲ್ಪ ಪಳಗಿದವರ ಪ್ರಶ್ನೆಗಳು ಆಮೇಲೆ.

## ಹೊರಡುವ ಮುಂಚೆ

ಸುತ್ತೇ ಯಾಕೆ ಹಾಕಬೇಕು? ಹೋದ ದಾರಿಯಲ್ಲೇ ವಾಪಸ್ ಬಂದರೆ ಆಗಲ್ವಾ?

ಆಗುತ್ತೆ. ಎಲ್ಲಿ ಬೇಕಾದರೂ ತಿರುಗಿ ಬರಬಹುದು, ಅದೊಂದು ಅನುಕೂಲ. ಆದರೆ ಸುತ್ತು ಹಾಕಿದರೆ ಅರ್ಧ ದಾರಿ ಸಮುದ್ರ, ಅರ್ಧ ದಾರಿ ಊರು, ತೋಟ, ಗದ್ದೆ, ಗುಡ್ಡ ಎಲ್ಲ ಸಿಗುತ್ತವೆ. ನೋಡಿದ್ದನ್ನೇ ಮತ್ತೆ ನೋಡುವ ಬೇಜಾರಿಲ್ಲ. ಗಾಡಿ ನಿಲ್ಲಿಸಿದ ಜಾಗಕ್ಕೇ ಬರುತ್ತೀರಿ, ಬಸ್ ಕಾಯುವ ತಾಪತ್ರಯವೂ ಇಲ್ಲ.

ಕಷ್ಟ ಇರುವುದು ಒಂದೇ. ಕಡಲಂಚಿನ ಭಾಗದಲ್ಲಿ ನೀರು ದಾರಿ ಕೊಡದಿದ್ದರೆ ಸುತ್ತು ಅಲ್ಲಿಗೇ ನಿಂತಿತು. ಈ ಬರಹದ ಅರ್ಧ ಭಾಗ ಅದರ ಬಗ್ಗೆಯೇ ಇದೆ.

ನನಗೆ ನಡೆದು ಅಭ್ಯಾಸ ಇಲ್ಲ. ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಲಿ?

5ರಿಂದ 8 ಕಿ.ಮೀ. ಸಾಕು. ಸಮತಟ್ಟು ಗಟ್ಟಿ ದಾರಿಯಲ್ಲಿ ಗಂಟೆಗೆ 4 ಕಿ.ಮೀ. ಅಂತ ಲೆಕ್ಕ ಹಾಕಿದರೆ ಎರಡು ಗಂಟೆ ಆಸುಪಾಸಿನಲ್ಲಿ ಮುಗಿಯಬೇಕು. ಮುಗಿಯಲ್ಲ! ಕಡಲಂಚಿನಲ್ಲಿ ಯಾರೂ ಸುಮ್ನೆ ನಡೆಯುವುದಿಲ್ಲ. ನಿಲ್ಲುತ್ತಾರೆ, ಬಗ್ಗಿ ಏನೋ ಎತ್ತಿಕೊಳ್ಳುತ್ತಾರೆ, ಫೋಟೊ ತೆಗೆಯುತ್ತಾರೆ. ಇನ್ನೊಂದು ಗಂಟೆ ಸೇರಿಸಿಕೊಳ್ಳಿ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್ಸ್‌ಮಿತ್ 1892ರಲ್ಲಿ ಕೊಟ್ಟ ಲೆಕ್ಕವೊಂದು ಈಗಲೂ ಬಳಕೆಯಲ್ಲಿದೆ. 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿಮುಟ್ಟಾದವರ ಲೆಕ್ಕ ಅದು. ಮರಳಿಗಂತೂ ಅದು ಹೊಂದುವುದೇ ಇಲ್ಲ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಖರ್ಚಾಗುತ್ತದೆ ಅಂತ ಅಳೆದು ನೋಡಿದ್ದಾರೆ. ದಾರಿಯಲ್ಲಿ ಎರಡು ಕಿ.ಮೀ. ಮರಳಿದ್ದರೆ ಅದನ್ನು ನಾಲ್ಕು ಅಂತಲೇ ಎಣಿಸಿ.

ಬರಿಗಾಲಲ್ಲಿ ನಡೆಯೋದೇ ಒಳ್ಳೆಯದು ಅಂತಾರೆ, ಹೌದಾ?

ಒದ್ದೆ ಮರಳಿನ ಮೇಲೆ ಸುಖವೇ ಸುಖ. ಆದರೆ ಸುತ್ತು ನಡಿಗೆಯಲ್ಲಿ ಮರಳು ಒಂದು ತುಂಡು ಮಾತ್ರ. ಆಮೇಲೆ ಬಂಡೆ, ಜಲ್ಲಿ, ಟಾರು ರಸ್ತೆ ಬರುತ್ತವೆ. ಒಡೆದ ಚಿಪ್ಪು, ಗಾಜಿನ ಚೂರು, ಬಲೆಯ ತುಂಡಿನಲ್ಲಿ ಉಳಿದ ಕೊಕ್ಕೆ, ಇವೆಲ್ಲ ಮರಳಿನಲ್ಲೂ ಇರುತ್ತವೆ. ಹಿಡಿತ ಚೆನ್ನಾಗಿರುವ ಹಳೆಯ ಶೂ ಹಾಕಿಕೊಳ್ಳಿ. ಬೇಕೆನಿಸಿದ ಕಡೆ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಿರಿ. ಹವಾಯಿ ಚಪ್ಪಲಿ ಮಾತ್ರ ಬೇಡ. ಪಾಚಿಗಟ್ಟಿದ ಬಂಡೆಯ ಮೇಲೆ ಅದು ಜಾರುವ ಪರಿ ನೋಡಿಯೇ ಗೊತ್ತಾಗಬೇಕು.

ಏನೇನು ಹೊತ್ತುಕೊಂಡು ಹೋಗಲಿ?

ನೀರು, ಟೋಪಿ, ಗಾಳಿ ತಡೆಯುವ ತೆಳುವಾದ ಜಾಕೆಟ್, ಚಾರ್ಜ್ ಇರುವ ಮೊಬೈಲ್. ಒಂದು ಪ್ಲಾಸ್ಟಿಕ್ ಚೀಲ ಇದ್ದರೆ ಮೊಬೈಲ್‌ಗೂ ಆಯಿತು, ಕಸಕ್ಕೂ ಆಯಿತು. ಕಾಲು ಒರೆಸಲು ಒಂದು ಸಣ್ಣ ಟವೆಲ್. ಮರಳು ಕೂತ ಕಾಲುಚೀಲದಲ್ಲಿ ಇನ್ನೂ ಮೂರು ಕಿ.ಮೀ. ನಡೆದರೆ ಗುಳ್ಳೆ ಗ್ಯಾರಂಟಿ.

ಮೋಡ ಇದೆ, ಗಾಳಿ ತಂಪಾಗಿದೆ. ಆದರೂ ಚರ್ಮ ಸುಡುತ್ತಾ?

ಸುಡುತ್ತೆ, ಮತ್ತೆ ಜನ ಮೋಸ ಹೋಗುವುದು ಇಂಥ ದಿನವೇ. ತಂಪು ಗಾಳಿಗೆ ಬಿಸಿಲಿನ ಉರಿ ಗೊತ್ತಾಗುವುದಿಲ್ಲ. ಅತಿನೇರಳೆ ಕಿರಣ ತೆಳು ಮೋಡವನ್ನು ದಾಟಿ ಬರುತ್ತದೆ. ಒಣ ಮರಳು ಅದರಲ್ಲಿ ಸುಮಾರು 15 ಪ್ರತಿಶತವನ್ನು, ಅಲೆಯ ನೊರೆ ಸುಮಾರು 25 ಪ್ರತಿಶತವನ್ನು ಮೇಲಕ್ಕೆ ವಾಪಸ್ ಕಳಿಸುತ್ತವೆ. ಟೋಪಿ ಹಾಕಿದರೂ ಗದ್ದದ ಕೆಳಗೆ, ಮೂಗಿನ ಬುಡದಲ್ಲಿ ಸುಡುವುದು ಇದರಿಂದಲೇ. ಸನ್‌ಸ್ಕ್ರೀನ್ ಅಲ್ಲಿಗೂ ಹಚ್ಚಿ.

## ದಾರಿ ಮತ್ತು ದಿಕ್ಕು

ಸಮುದ್ರ ಎಡಗಡೆ ಇರಲೋ ಬಲಗಡೆ ಇರಲೋ?

ಎಡಗಡೆ ಇಟ್ಟುಕೊಂಡರೆ ನಿಮ್ಮ ಸುತ್ತು ಗಡಿಯಾರದ ಮುಳ್ಳಿನಂತೆ ಸಾಗುತ್ತದೆ. ಬಲಗಡೆ ಇಟ್ಟುಕೊಂಡರೆ ಅದಕ್ಕೆ ಉಲ್ಟಾ. ಯಾವುದು ಸರಿ ಅನ್ನುವುದನ್ನು ಆ ದಿನದ ನೀರು, ಗಾಳಿ, ಬಿಸಿಲು ತೀರ್ಮಾನಿಸುತ್ತವೆ.

ಮೊದಲು ನೀರು ನೋಡಿ. ನೀರು ಇಳಿಯುತ್ತಿದ್ದರೆ ಕಡಲಂಚನ್ನು ಮೊದಲು ಮುಗಿಸಿ. ಬೆಳಿಗ್ಗೆ ಉಬ್ಬರ ಇದ್ದರೆ ಒಳದಾರಿಯಿಂದ ಶುರು ಮಾಡಿ, ನೀರು ಇಳಿಯುವ ಹೊತ್ತಿಗೆ ತೀರಕ್ಕೆ ಬನ್ನಿ. ಆಮೇಲೆ ಗಾಳಿ. ಕಾಲಲ್ಲಿ ಕಸುವಿರುವಾಗಲೇ ಎದುರುಗಾಳಿ ಮುಗಿಯಲಿ, ದಣಿದ ಮೇಲೆ ಗಾಳಿ ಬೆನ್ನಿಗಿರಲಿ. ಬಿಸಿಲಿರುವ ದಿನ ಹೊತ್ತು ಏರಿದಂತೆ ನೆಲ ಬೇಗ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ಹಾಗಾಗಿ ಕಡಲಗಾಳಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ಕೊನೆಗೆ ಬಿಸಿಲು. ಇಳಿಹೊತ್ತಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಡೆದರೆ ಕಣ್ಣು ಬಿಡಲಾಗುವುದಿಲ್ಲ.

ಸುತ್ತು ನಡಿಗೆಗೇ ಅಂಟಿಕೊಂಡ ಇನ್ನೊಂದು ವಿಷಯ ಇದೆ. ಮರಳದಂಡೆ ನೀರಿನ ಕಡೆಗೆ ವಾಲಿರುತ್ತದೆ. ಹೋದ ದಾರಿಯಲ್ಲೇ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ. ಸುತ್ತಿನಲ್ಲಿ ಮಾತ್ರ ಉದ್ದಕ್ಕೂ ಒಂದೇ ಕಾಲು ತಗ್ಗಿನಲ್ಲಿ ಬೀಳುತ್ತದೆ. ಮಂಡಿನೋವು ಇರುವವರು ಇದನ್ನೂ ಯೋಚಿಸಿ ದಿಕ್ಕು ಆರಿಸಿಕೊಳ್ಳಿ. ನೀರು ಪೂರ್ತಿ ಇಳಿದಾಗ ಕೆಳಗಿನ ಮರಳು ಹೆಚ್ಚಾಗಿ ಸಮತಟ್ಟಾಗಿರುತ್ತದೆ, ಅಲ್ಲಿ ಈ ತೊಂದರೆ ಕಡಿಮೆ.

ಸಮುದ್ರ ಪಕ್ಕದಲ್ಲೇ ಇದೆಯಲ್ಲ, ದಾರಿ ತಪ್ಪೋದು ಹೇಗೆ?

ತೀರದಲ್ಲಿ ತಪ್ಪುವುದಿಲ್ಲ. ತಪ್ಪುವುದು ತೀರ ಬಿಟ್ಟು ಒಳಗೆ ತಿರುಗುವ ಜಾಗದಲ್ಲಿ. ಕಡಲ ಕಡೆಯಿಂದ ನೋಡಿದರೆ ಎಲ್ಲ ಓಣಿಗಳೂ ಒಂದೇ ಥರ ಕಾಣುತ್ತವೆ. ಆ ತಿರುವಿನ ಹತ್ತಿರ ದೂರದಿಂದಲೂ ಕಾಣುವ ಗುರುತೊಂದನ್ನು ಮೊದಲೇ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಿ. ನೀರಿನ ಟ್ಯಾಂಕ್, ಗೋಪುರ, ಲೈಟ್‌ಹೌಸ್, ಏನಾದರೂ ಸರಿ. ನಕ್ಷೆ ಇಂಟರ್ನೆಟ್ ಇಲ್ಲದೆಯೂ ತೆರೆಯುವಂತಿರಲಿ.

ಹಳೆಯ ನಕ್ಷೆಯನ್ನು ಪೂರ್ತಿ ನಂಬಬೇಡಿ. ಕಡಲು ದಂಡೆಯನ್ನು ಕೊರೆಯುತ್ತಲೇ ಇರುತ್ತದೆ. ನಕ್ಷೆಯಲ್ಲಿ ದಾರಿ ಇರುತ್ತದೆ, ನೆಲದ ಮೇಲೆ ಇರುವುದಿಲ್ಲ. ಬೇಲಿ ಹಾಕಿ ಒಳಗೆ ತಿರುಗಿಸಿದ್ದರೆ ಸುಮ್ಮನೆ ತಿರುಗಿ.

ದಾರಿ ಯಾಕೆ ನೆಟ್ಟಗಿರಲ್ಲ? ಪ್ರತಿ ಕೊಲ್ಲಿಗೂ ಇಳಿದು ಹತ್ತಬೇಕಲ್ಲ?

ಕೆಲವು ಕಡೆ ಆ ದಾರಿ ಮಾಡಿದವರಿಗೆ ಬೇಕಾಗಿದ್ದದ್ದೇ ಅದು. ಇಂಗ್ಲೆಂಡಿನ ನೈರುತ್ಯ ತೀರದಲ್ಲಿ 1,014 ಕಿ.ಮೀ. ಉದ್ದದ ಕಾಲುದಾರಿ ಇದೆ. ಕಳ್ಳಸಾಗಣೆ ಹಿಡಿಯಲು ಕರಾವಳಿ ಕಾವಲುಗಾರರು ಓಡಾಡಿ ಬಿದ್ದ ದಾರಿ ಅದು. ಪ್ರತಿ ಕೊಲ್ಲಿಗೂ ಇಣುಕಿ ನೋಡಲೇಬೇಕಿತ್ತು, ಹಾಗಾಗಿ ದಾರಿ ಅಂಚು ಬಿಟ್ಟು ಸರಿಯುವುದೇ ಇಲ್ಲ. ಫ್ರಾನ್ಸಿನ ಬ್ರಿಟನಿ ತೀರದ ದಾರಿಗೆ ಇವತ್ತಿಗೂ ಸುಂಕದವರ ದಾರಿ ಅನ್ನುವ ಹೆಸರೇ ಉಳಿದಿದೆ. ಕಳ್ಳರನ್ನು ಹಿಡಿಯಲು ಮಾಡಿದ್ದರಲ್ಲಿ ಈಗ ನಾವು ಏದುಸಿರು ಬಿಡುತ್ತಾ ಹತ್ತುತ್ತಿದ್ದೇವೆ.

ಲೆಕ್ಕ ಹಾಕುವಾಗ ತುದಿಯ ಎತ್ತರ ಮಾತ್ರ ನೋಡಬೇಡಿ, ಏರುಗಳನ್ನೆಲ್ಲ ಕೂಡಿಸಿ. 40 ಮೀಟರಿನ ಗುಡ್ಡ ಐದು ಸಲ ಬಂದರೆ 200 ಮೀಟರ್ ಹತ್ತಿದಂತೆ.

ಚಿಕ್ಕ ಮಕ್ಕಳು, ವಯಸ್ಸಾದವರು, ಗಾಲಿಕುರ್ಚಿಯವರು ಬರಬಹುದಾ?

ಸುತ್ತನ್ನು ಎರಡು ತುಂಡು ಮಾಡಿ ನೋಡಿ. ಹಲವು ಕಡಲೂರುಗಳಲ್ಲಿ ತೀರದುದ್ದಕ್ಕೆ ಕಲ್ಲು ಹಾಸಿದ ಸಮತಟ್ಟು ಜಾಗ ಇರುತ್ತದೆ. ಗಾಲಿಕುರ್ಚಿಗೆ, ಮಕ್ಕಳ ತಳ್ಳುಗಾಡಿಗೆ ಅದು ಚೆನ್ನ. ಮೆಟ್ಟಿಲು, ಬೇಲಿ ದಾಟುವ ಗೇಟು, ಸಡಿಲ ಮರಳು ಎಲ್ಲೆಲ್ಲಿವೆ ಅಂತ ಮೊದಲೇ ಕೇಳಿಕೊಳ್ಳಿ. ಒಂದೇ ಒಂದು ಮೆಟ್ಟಿಲಸಾಲು ಇಡೀ ಸುತ್ತನ್ನು ಕೆಡಿಸಬಹುದು.

ಮಕ್ಕಳ ಬಗ್ಗೆ ನನ್ನ ಅನುಭವ ಬೇರೆ. ಅವರಿಗೆ ಸುತ್ತು ಮುಗಿಸುವ ಹಟ ಇಲ್ಲ. ಬಂಡೆಯ ಸಂದಿಯ ನೀರಿನಲ್ಲಿ ಒಂದು ಏಡಿ ಕಂಡರೆ ಅವರ ನಡಿಗೆ ಅಲ್ಲಿಗೆ ಮುಗಿಯಿತು. ಅಂಥ ದಿನ ವಾಪಸ್ ಬಂದುಬಿಡಿ, ಸುತ್ತು ಎಲ್ಲಿಗೂ ಓಡಿಹೋಗುವುದಿಲ್ಲ.

ನಾಯಿ ಕರೆದುಕೊಂಡು ಹೋಗಬಹುದಾ?

ಆ ತೀರದ ನಿಯಮ ನೋಡಿ. ಕೆಲವು ಕಡೆ ವರ್ಷದ ಕೆಲವು ತಿಂಗಳು ಬಿಡುವುದಿಲ್ಲ. ಹಕ್ಕಿ ಮೊಟ್ಟೆಯಿಡುವ ಕಾಲದಲ್ಲಿ ಹಗ್ಗ ಬಿಚ್ಚಬೇಡಿ. ಗೊರವದಂಥ ಸಣ್ಣ ತೀರದ ಹಕ್ಕಿಗಳಲ್ಲಿ ಎಷ್ಟೋ ಜಾತಿಗಳು ಗೂಡು ಕಟ್ಟದೆ ಬರೀ ಮರಳಲ್ಲೋ ಬೆಣಚುಕಲ್ಲಿನ ನಡುವೆಯೋ ಮೊಟ್ಟೆಯಿಡುತ್ತವೆ. ಮೊಟ್ಟೆಯ ಬಣ್ಣವೂ ಕಲ್ಲಿನದೇ. ಮನುಷ್ಯರೂ ಅಷ್ಟೇ, ಆ ಕಾಲದಲ್ಲಿ ಒಣ ಮರಳು ಬಿಟ್ಟು ಒದ್ದೆ ಮರಳಿನ ಮೇಲೆ ನಡೆಯುವುದು ಒಳ್ಳೆಯದು.

## ನೀರಿನ ಲೆಕ್ಕ

ಉಬ್ಬರ ಇಳಿತದ ಹೊತ್ತು ನೋಡಲೇಬೇಕಾ? ಸುಮ್ನೆ ಒಂದು ವಾಕ್ ಅಲ್ವಾ?

ನೋಡಲೇಬೇಕು. ನಿಮಗೆ ಯಾವಾಗ ಪುರುಸೊತ್ತು ಅನ್ನುವುದು ಆಮೇಲಿನ ಮಾತು, ನೀರಿಗೆ ಯಾವಾಗ ಪುರುಸೊತ್ತು ಅಂತ ಮೊದಲು ನೋಡಿ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಅಂದರೆ ನಿನ್ನೆ ಇದ್ದ ಹೊತ್ತಿಗೆ ಇವತ್ತು ಇರುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. 'ಹೋದ ವಾರ ಇದೇ ಹೊತ್ತಲ್ಲಿ ಆರಾಮಾಗಿ ಹೋಗಿದ್ದೆ' ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಒಂದು ವಾರದಲ್ಲಿ ಅದು ಹೆಚ್ಚುಕಡಿಮೆ ಆರು ಗಂಟೆ ಸರಿದು, ಇಳಿತ ಇದ್ದ ಹೊತ್ತಿಗೆ ಉಬ್ಬರ ಬಂದಿರುತ್ತದೆ.

ಎಲ್ಲ ಸಮುದ್ರವೂ ಹೀಗಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರಿನವರೆಗೆ ಏರಿಳಿಯುತ್ತದೆ. ಮೆಡಿಟರೇನಿಯನ್ನಿನ ಹೆಚ್ಚಿನ ಕಡೆ, ಬಾಲ್ಟಿಕ್‌ನಲ್ಲಿ, ಗೊತ್ತೇ ಆಗದಷ್ಟು ಕಡಿಮೆ. ಅಲ್ಲಿ ನಡೆಯುವವರು ಗಾಳಿ, ಅಲೆ ನೋಡಿಕೊಂಡರೆ ಸಾಕು.

ಟೈಡ್ ಟೇಬಲ್ (ಉಬ್ಬರ ಇಳಿತದ ಹೊತ್ತಿನ ಪಟ್ಟಿ) ನೋಡಿದೆ, ಬರೀ ನಂಬರ್. ಓದೋದು ಹೇಗೆ?

ಪ್ರತಿ ಸಾಲಿನಲ್ಲಿ ಎರಡು ವಿಷಯ. ಒಂದು ಗಂಟೆ, ಇನ್ನೊಂದು ಎತ್ತರ. ದೊಡ್ಡ ಎತ್ತರದ ಸಾಲು ಉಬ್ಬರ, ಚಿಕ್ಕದು ಇಳಿತ. ಎತ್ತರವನ್ನು ನೀವು ನಿಂತ ಮರಳಿನಿಂದ ಅಳೆದಿರುವುದಿಲ್ಲ. ನೀರು ಹೆಚ್ಚುಕಡಿಮೆ ಅದಕ್ಕಿಂತ ಕೆಳಗೆ ಇಳಿಯದು ಅನ್ನುವ ಮಟ್ಟವೊಂದನ್ನು ಗೊತ್ತು ಮಾಡಿ, ಅಲ್ಲಿಂದ ಅಳೆದಿರುತ್ತಾರೆ. ಹಾಗಾಗಿ 0.8 ಮೀಟರ್ ಅಂದರೆ ತೊಡೆಮಟ್ಟದ ನೀರು ಅಂತ ಅರ್ಥವಲ್ಲ.

ಎರಡು ಕಡೆ ಹುಷಾರು. ಟೇಬಲ್ ಯಾವ ಬಂದರಿನದು ಅಂತ ನೋಡಿ, ಪಕ್ಕದ ಊರಿನ ಅಳಿವೆಯಲ್ಲೇ (ನದಿ ಕಡಲು ಸೇರುವ ಜಾಗದಲ್ಲಿ) ಹೊತ್ತು ಬೇರೆ ಇರಬಹುದು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ, ಟೇಬಲ್‌ನಲ್ಲಿ ಅದನ್ನು ಸೇರಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಇದರಲ್ಲಿ ಎಡವಿದರೆ ಪೂರ್ತಿ ಒಂದು ಗಂಟೆ ತಪ್ಪುತ್ತದೆ.

ಅರ್ಧ ಗಂಟೆ ಆಚೀಚೆ ಆದರೆ ಏನಾಗುತ್ತೆ?

ಅದು ಯಾವ ಅರ್ಧ ಗಂಟೆ ಅನ್ನುವುದರ ಮೇಲೆ ಹೋಗುತ್ತದೆ. ನೀರು ಒಂದೇ ಸಮನೆ ಏರುವುದಿಲ್ಲ. ನಾವಿಕರು ಏರಿಕೆಯನ್ನು ಹನ್ನೆರಡು ಪಾಲು ಮಾಡಿ ಲೆಕ್ಕ ಹಾಕುತ್ತಾರೆ. ಮೊದಲ ಗಂಟೆಗೆ 1 ಪಾಲು, ಆಮೇಲೆ 2, 3, 3, 2, ಕೊನೆಗೆ 1.

ಒಟ್ಟು ಏರಿಕೆ 6 ಮೀಟರ್ ಅನ್ನಿ. ಮೊದಲ ಗಂಟೆಯಲ್ಲಿ ಅರ್ಧ ಮೀಟರ್ ಅಷ್ಟೇ ಏರುತ್ತದೆ. 'ಏನೂ ಆಗಿಲ್ಲವಲ್ಲ' ಅಂತ ನೀವು ಬಂಡೆಯ ಮೇಲೆ ಕೂತಿರುತ್ತೀರಿ. ಮೂರನೆಯ ಗಂಟೆಯಲ್ಲಿ ಒಂದೂವರೆ ಮೀಟರ್, ನಾಲ್ಕನೆಯದರಲ್ಲಿ ಮತ್ತೆ ಒಂದೂವರೆ. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಚಪ್ಪಟೆ ತೀರದಲ್ಲಿ ಆ ಒಂದು ಗಂಟೆಯಲ್ಲಿ ನೀರಿನ ಅಂಚು 150 ಮೀಟರ್ ಒಳಗೆ ಬಂದಿರುತ್ತದೆ. ಎಲ್ಲ ತೀರಕ್ಕೂ ಪಕ್ಕಾ ಕೂಡುವ ಲೆಕ್ಕ ಇದಲ್ಲ, ಆದರೆ ಎಚ್ಚರಿಕೆಗೆ ಸಾಕು.

ಬಂಡೆಯ ಬುಡದಲ್ಲಿ ದಾಟಬೇಕಾದ ಜಾಗ ಇದ್ದರೆ ನೀರು ಇನ್ನೂ ಇಳಿಯುತ್ತಿರುವಾಗಲೇ ದಾಟಿ. ಪೂರ್ತಿ ಇಳಿದ ಮೇಲೆ ಹೊರಟರೆ ಕೈಯಲ್ಲಿ ಹೊತ್ತು ಉಳಿಯುವುದಿಲ್ಲ.

ಟೇಬಲ್ ಸಿಗಲಿಲ್ಲ. ತೀರ ನೋಡಿಯೇ ಹೇಳಬಹುದಾ?

ಗಂಟೆ ಗೊತ್ತಾಗುವುದಿಲ್ಲ. ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವುದು ಗೊತ್ತಾಗುತ್ತದೆ. ಮರಳಿನ ಮೇಲೆ ಕಡಲಪಾಚಿ, ಕಡ್ಡಿ, ಚಿಪ್ಪು, ಬಾಟಲಿ ಮುಚ್ಚಳ ಸಾಲಾಗಿ ಬಿದ್ದಿರುತ್ತವಲ್ಲ, ಹಿಂದಿನ ಉಬ್ಬರ ಮುಟ್ಟಿದ ಗೆರೆ ಅದು. ಎರಡು ಗೆರೆ ಕಂಡರೆ ಮೇಲಿನದು ಹಳೆಯದು, ಆ ದಿನ ನೀರು ಇನ್ನೂ ಮೇಲೆ ಬಂದಿತ್ತು. ಆ ಸಾಲು ಬಂಡೆಗೋಡೆಯ ಬುಡಕ್ಕೇ ತಾಗಿದ್ದರೆ, ಅಥವಾ ಸಾಲೇ ಇಲ್ಲದೆ ಗೋಡೆಯ ತನಕ ಮರಳು ಒದ್ದೆ ಇದ್ದರೆ, ಉಬ್ಬರದಲ್ಲಿ ಅಲ್ಲಿ ನಿಲ್ಲಲು ಜಾಗವೇ ಇಲ್ಲ ಅಂತ ಅರ್ಥ.

ಬಂಡೆಯನ್ನೂ ನೋಡಿ. ಕೈಯಿಟ್ಟರೆ ಚುಚ್ಚುವ, ಬೂದು ಬಿಳಿ ಬಣ್ಣದ, ತುದಿಯಲ್ಲಿ ಬಾಯಿರುವ ಪುಟ್ಟ ಚಿಪ್ಪುಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಬಾರ್ನಕಲ್ ಅನ್ನುತ್ತಾರೆ. ನೀರು ಮುಚ್ಚಿದಾಗ ಮಾತ್ರ ಅವು ತಿನ್ನಬಲ್ಲವು. ಅವು ನಿಮ್ಮ ತಲೆಗಿಂತ ಮೇಲೆ ಅಂಟಿಕೊಂಡಿದ್ದರೆ, ನೀವು ನಿಂತ ಜಾಗದಲ್ಲಿ ಆಳುದ್ದಕ್ಕಿಂತ ಜಾಸ್ತಿ ನೀರು ಬರುತ್ತದೆ. ಇದಕ್ಕಿಂತ ಸ್ಪಷ್ಟವಾದ ಬೋರ್ಡು ಯಾರೂ ಹಾಕಲಾರರು.

ನೀರು ಸುತ್ತುವರಿದುಬಿಟ್ಟರೆ ಏನು ಮಾಡಲಿ?

ಈಜಿ ದಾಟುವ ಯೋಚನೆ ಬೇಡ. ಬಂಡೆಗೋಡೆ ಹತ್ತುವ ಯೋಚನೆಯೂ ಬೇಡ. ಸಿಗುವ ಎತ್ತರದ, ಅಲೆ ತಾಗದ ಜಾಗಕ್ಕೆ ಹೋಗಿ ನಿಂತು ಆ ದೇಶದ ತುರ್ತು ನಂಬರಿಗೆ ಫೋನ್ ಮಾಡಿ. ಕರಾವಳಿ ರಕ್ಷಣೆಯವರಿಗೆ ಇದು ಹೊಸದಲ್ಲ. ನಾಚಿಕೊಂಡು ತಡಮಾಡಿದರೆ ಅವರ ಕೆಲಸವೂ ಕಷ್ಟ.

ಪೂರ್ತಿ ಇಳಿದ ನೀರು ಬೇಕು ಅಂದರೆ ಯಾವ ದಿನ ಹೋಗಲಿ?

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಹೆಚ್ಚಿನ ಕಡೆ ಅದರ ಒಂದೆರಡು ದಿನದ ಮೇಲೆ. ಆಗ ಚಂದ್ರ, ಸೂರ್ಯ, ಭೂಮಿ ಒಂದೇ ಸಾಲಿಗೆ ಬರುವುದರಿಂದ ನೀರು ತುಂಬಾ ಏರುತ್ತದೆ, ತುಂಬಾ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಕಡಿಮೆ. ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಬರುವ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಳಿತ ಎಷ್ಟೋ ತೀರಗಳಲ್ಲಿ ವರ್ಷದಲ್ಲೇ ಜಾಸ್ತಿ.

ಪಳಗಿದವರಿಗೆ ಒಂದು ಗುಟ್ಟು. ದಿನಕ್ಕೆ ಎರಡು ಉಬ್ಬರ ಬರುವ ಒಂದು ಊರಿನಲ್ಲಿ, ಈ ದೊಡ್ಡ ಇಳಿತ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ಒಂದು ಹುಣ್ಣಿಮೆಯ ಲೆಕ್ಕ ತಿಳಿದುಕೊಂಡರೆ ಮುಂದಿನದರ ಅಂದಾಜು ಸಿಕ್ಕಂತೆ. ಹೊರಡುವ ದಿನ ಟೇಬಲ್ ನೋಡುವುದಂತೂ ತಪ್ಪುವುದಿಲ್ಲ. ಗಾಳಿ ದಂಡೆಯ ಕಡೆ ಜೋರಾಗಿ ಬೀಸುತ್ತಿದ್ದರೆ, ವಾಯುಭಾರ ಕುಸಿದಿದ್ದರೆ, ನೀರು ಟೇಬಲ್‌ಗಿಂತ ಮೇಲೆ ನಿಲ್ಲುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ.

## ಹುಷಾರಾಗಿರಬೇಕಾದ ಜಾಗ

ಬಂಡೆಗೋಡೆಯ ಅಂಚಿನಲ್ಲಿ ನಿಂತು ಫೋಟೊ ತೆಗೆದರೆ ಏನು?

ಅಂಚಿನ ಕೆಳಗೆ ಏನಿದೆ ಅಂತ ಮೇಲೆ ನಿಂತವರಿಗೆ ಕಾಣುವುದಿಲ್ಲ. ಎಷ್ಟೋ ಕಡೆ ಅಲೆ ಬುಡವನ್ನು ಕೊರೆದು, ಮೇಲೆ ಬರೀ ಹುಲ್ಲು ಮಣ್ಣಿನ ಚಪ್ಪರ ಉಳಿದಿರುತ್ತದೆ. ಅಂಚಿಗೆ ಸಮಾನಾಂತರವಾಗಿ ಸಣ್ಣ ಬಿರುಕು ಕಂಡರೆ ಅದರ ಆಚೆ ಕಾಲಿಡಬೇಡಿ. ಜೋರು ಮಳೆಯ ಮರುದಿನ ಬುಡದಲ್ಲೂ ಕೂರಬೇಡಿ. ಹೊಸದಾಗಿ ಬಿದ್ದ ಕಲ್ಲುಗಳ ಬಣ್ಣ ಮಾಸಿರುವುದಿಲ್ಲ, ನೋಡಿದರೆ ತಿಳಿಯುತ್ತದೆ.

ದಾರಿಯಲ್ಲಿ ಸಣ್ಣ ಅಳಿವೆ ಇದೆ. ಮೊಣಕಾಲುದ್ದ ನೀರು, ದಾಟಲಾ?

ಸುತ್ತಿ ಸೇತುವೆ ಹಿಡಿಯಿರಿ. ಇಳಿತದಲ್ಲಿ ನದಿಯ ನೀರೂ ಕಡಲ ನೀರೂ ಸೇರಿ ಹೊರಗೆ ನುಗ್ಗುತ್ತವೆ. ಮೊಣಕಾಲುದ್ದದ ಸೆಳೆತವೂ ಕಾಲು ಎತ್ತಿಸಿ ಕೆಡವುತ್ತದೆ. ಮರಳದಿಣ್ಣೆ ದಿನದಿಂದ ದಿನಕ್ಕೆ ಜಾಗ ಬದಲಿಸುತ್ತದೆ, ನಿನ್ನೆ ದಾಟಿದವರ ಮಾತನ್ನೂ ನಂಬುವ ಹಾಗಿಲ್ಲ.

ಗುಡುಗು ಶುರುವಾದರೆ?

ಬಯಲು ಮರಳಿನಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನೀವೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕಟ್ಟಡ ಅಥವಾ ಮುಚ್ಚಿದ ಗಾಡಿ ಸೇರಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ.

ಸಮುದ್ರ ಇದ್ದಕ್ಕಿದ್ದಂತೆ ತುಂಬಾ ಹಿಂದೆ ಸರಿದರೆ ಅದೂ ಇಳಿತವೇನಾ?

ಅಲ್ಲ. ಇಳಿತಕ್ಕೆ ಗಂಟೆಗಳು ಬೇಕು. ನಿಮಿಷಗಳಲ್ಲಿ ತಳ ಕಂಡರೆ ಅದು ಸುನಾಮಿ ಬರುವ ಸೂಚನೆ ಇರಬಹುದು. 2004ರ ಡಿಸೆಂಬರ್ 26ರ ಸುನಾಮಿಯ ದಿನ ಬರಿದಾದ ತಳ ನೋಡಲು ಮುಂದೆ ಹೋದವರು ಎಷ್ಟೋ ಜನ. ಹಾಗಾದಾಗ, ಅಥವಾ ನೆಲ ಜೋರಾಗಿ ನಡುಗಿದಾಗ, ಸಾಮಾನು ಬಿಟ್ಟು ಎತ್ತರಕ್ಕೆ ಓಡಿ. ಮೊದಲ ಅಲೆಯೇ ದೊಡ್ಡದಿರಬೇಕು ಅಂತಿಲ್ಲ, ಬೇಗ ಇಳಿದು ಬರಬೇಡಿ.

## ಇನ್ನೂ ಸ್ವಲ್ಪ ಆಳಕ್ಕೆ

ಒದ್ದೆ ಮರಳಲ್ಲಿ ಕಾಲಿಟ್ಟರೆ ಸುತ್ತ ಒಣಗಿದ ಹಾಗೆ ಬೆಳ್ಳಗಾಗುತ್ತೆ, ಯಾಕೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ನಾವು ತುಳಿದರೆ ನೀರು ಮೇಲೆ ಬರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಆಗುವುದು ಉಲ್ಟಾ. ಅಲೆ ಬಡಿದು ಬಡಿದು ಮರಳಿನ ಕಾಳುಗಳು ಆದಷ್ಟೂ ಒತ್ತಾಗಿ ಕೂತಿರುತ್ತವೆ. ಕಾಲಿನ ಭಾರ ಬಿದ್ದಾಗ ಅವು ಒಂದರ ಮೇಲೊಂದು ಉರುಳಿ ಜಾಗ ಬದಲಿಸಬೇಕು. ಆಗ ನಡುವಿನ ಸಂದಿ ದೊಡ್ಡದಾಗುತ್ತದೆ. ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ, ಮೇಲ್ಮೈ ಒಣಗಿದಂತೆ ಕಾಣುತ್ತದೆ. ಓಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ವಿವರಿಸಿದರು.

ಒಂದು ಕಡೆ ಅಲುಗದೆ ನಿಂತು ನೋಡಿ. ಬಿಳಿ ವಲಯ ಕೆಲವೇ ಕ್ಷಣದಲ್ಲಿ ಮತ್ತೆ ಕಪ್ಪಾಗುತ್ತದೆ, ಬದಿಯಿಂದ ನೀರು ಒಸರಿ ಬಂದಿರುತ್ತದೆ. ಕಾಲೆತ್ತಿದರೆ ಹೆಜ್ಜೆಯಲ್ಲಿ ನೀರು ನಿಂತಿರುತ್ತದೆ. ನಡೆಯಲು ಅತಿ ಗಟ್ಟಿ ಜಾಗ ಇದೇ. ಕಾಲಿಟ್ಟರೆ ಬೆಳ್ಳಗಾಗುವ ಮರಳನ್ನೇ ಹಿಡಿದು ಹೋಗಿ, ದಣಿವು ಅರ್ಧಕ್ಕರ್ಧ ಕಡಿಮೆ.

ಆ ಅಂಚಿನಲ್ಲಿ ಕಾಣೋ ಹಡಗು ಎಷ್ಟು ದೂರ ಇದೆ?

ನೀರಿನ ಅಂಚಿನಲ್ಲಿ ನಿಂತ ಸಾಧಾರಣ ಎತ್ತರದವರಿಗೆ ಬಾನಂಚು ಸುಮಾರು 4.7 ಕಿ.ಮೀ. ದೂರ, ಅಷ್ಟೇ. 30 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಸುಮಾರು 20 ಕಿ.ಮೀ. ಲೆಕ್ಕ ಸುಲಭ: ಕಣ್ಣಿನ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ಹಡಗಿನ ಒಡಲು ಕಾಣದೆ ಮೇಲ್ಭಾಗ ಮಾತ್ರ ಕಂಡರೆ ಅದು ಬಾನಂಚಿನ ಆಚೆ ಇದೆ.

ಚಿಪ್ಪು ಹೆಕ್ಕಿ ತರಬಹುದಾ? ಸತ್ತ ಜೆಲ್ಲಿ ಮೀನು ಮುಟ್ಟಬಹುದಾ?

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಸತ್ತು ಒಣಗಿದ್ದರೂ ಅದರ ಎಳೆಗಳಲ್ಲಿನ ಕುಟುಕುವ ಕಣಗಳು ಮುಟ್ಟಿದರೆ ಸಿಡಿಯುತ್ತವೆ. ಚಿಪ್ಪಿನ ಬಗ್ಗೆ ಊರೂರಿಗೂ ನಿಯಮ ಬೇರೆ. ಅನುಮತಿ ಇದ್ದರೂ ಒಂದೆರಡಕ್ಕೆ ನಿಲ್ಲಿಸಿ. ಶಂಖದಂಥ ಚಿಪ್ಪು ಎತ್ತುವ ಮುಂಚೆ ಒಳಗೆ ನೋಡಿ, ಸನ್ಯಾಸಿ ಏಡಿಗೆ ಅದೇ ಮನೆ.

ಸಂಜೆ ಕತ್ತಲಾದ ಮೇಲೂ ನಡೆಯಬಹುದಾ?

ಒಳದಾರಿಯ ಭಾಗವನ್ನು ಟಾರ್ಚ್ ಹಿಡಿದು ನಡೆಯಬಹುದು. ಬಂಡೆ, ಗುಡ್ಡದಂಚು ಬೇಡ. ಊರಿನ ಹತ್ತಿರ ಲೈಟ್‌ಹೌಸ್ ಇದ್ದರೆ ಕತ್ತಲಲ್ಲಿ ಅದೇ ಒಳ್ಳೆಯ ಗುರುತು. ಪ್ರತಿ ಲೈಟ್‌ಹೌಸಿಗೂ ತನ್ನದೇ ಮಿನುಗು ಇರುತ್ತದೆ. ಎಷ್ಟು ಸಲ ಮಿನುಗಿ ಎಷ್ಟು ಸೆಕೆಂಡ್ ಬಿಡುತ್ತದೆ ಅಂತ ಕಡಲ ನಕ್ಷೆಯಲ್ಲಿ ಬರೆದಿರುತ್ತಾರೆ. ಎರಡು ದೀಪ ಕಂಡು ಗೊಂದಲವಾದರೆ ಸೆಕೆಂಡ್ ಎಣಿಸಿ, ಯಾವುದು ನಿಮ್ಮ ಊರಿನದು ಅಂತ ತಿಳಿಯುತ್ತದೆ.

ಈ ಸುತ್ತು ಸಲೀಸಾಯ್ತು. ಮುಂದೇನು?

ಅದೇ ಸುತ್ತನ್ನು ಉಲ್ಟಾ ಹಾಕಿ, ಬೇರೆ ನೀರಿನಲ್ಲಿ. ಹುಣ್ಣಿಮೆಯ ಇಳಿತದಲ್ಲಿ ಕಂಡ ಬಂಡೆಸಾಲು ಅಷ್ಟಮಿಗೆ ಹೋದರೆ ನೀರಿನಡಿ ಇರುತ್ತದೆ. ಉದ್ದದ ದಾರಿಯೇ ಬೇಕು ಅನ್ನುವವರಿಗೆ ವೇಲ್ಸ್ ಇದೆ. ಅಲ್ಲಿ 2012ರಲ್ಲಿ ದೇಶದ ಇಡೀ ಕಡಲಂಚಿಗೆ ಸುಮಾರು 1,400 ಕಿ.ಮೀ. ಕಾಲುದಾರಿ ತೆರೆದರು. ಅದನ್ನು ಒಂದೇ ಉಸಿರಿಗೆ ಮುಗಿಸಬೇಕಿಲ್ಲ. ಒಂದೊಂದು ಊರು ಹಿಡಿದು, ತೀರದ ತುಂಡಿಗೆ ಒಳದಾರಿಯೊಂದನ್ನು ಜೋಡಿಸಿ, ನಿಮ್ಮದೇ ಸುತ್ತು ಮಾಡಿಕೊಳ್ಳಬಹುದು.